ಹದಿನೇಳನೇ ನಿಮಿಷ

ಸಂಖ್ಯಾಶಾಸ್ತ್ರ, ಬಿ.ಕಾಂ. ಮೂರನೇ ಸೆಮಿಸ್ಟರ್.
ಹಾಜರಿ ಪಟ್ಟಿಯಲ್ಲಿ ಇನ್ನೂರಾ ಅರವತ್ತೆರಡು ಹೆಸರು,
ಕೋಣೆಯಲ್ಲಿ ನಾಲ್ಕು ಕಂಬ.
ಇಪ್ಪತ್ತೊಂದು ವರ್ಷ
ಆ ಕಂಬಗಳಿಗೂ ಪಾಠ ಹೇಳಿದ್ದೇನೆ.

ಈಗ ಪಾಠ ಮೊದಲು ಹೋಗುತ್ತದೆ, ನಾನು ಆಮೇಲೆ.
ಶನಿವಾರ ರಾತ್ರಿ ಸಪ್ತಾಪುರದ ಅಡಿಗೆಮನೆಯಲ್ಲಿ
ಹಿಟ್ಟಿನ ಡಬ್ಬಿಗೆ ಮೊಬೈಲು ಆನಿಸಿ,
ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿ
ಇಪ್ಪತ್ತು ನಿಮಿಷ ಮಾತಾಡುತ್ತೇನೆ.
ಅವರು ಎಲ್ಲೆಲ್ಲೋ ಕೇಳುತ್ತಾರೆ,
ಹಾಸ್ಟೆಲ್ಲಿನ ಮಾಳಿಗೆ ಮೇಲೆ, ಮೊರಬದ ಬಸ್ಸಿನಲ್ಲಿ,
ಕೆಲವರು ಒಂದೂವರೆ ಪಟ್ಟು ವೇಗದಲ್ಲಿ;
ಆಗ ನನ್ನ ದನಿ ಸಿಟ್ಟಿಗೆದ್ದ ಗುಬ್ಬಿಯದಂತೆ.
ಕೆಲವರು ನೋಡಿಯೇ ಇಲ್ಲ. ಅದೂ ಗೊತ್ತಾಗುತ್ತದೆ,
ಪರದೆಯ ಮೂಲೆಯಲ್ಲೊಂದು ಅಂಕಿ: ನೂರಾ ನಲವತ್ತು.

ಮಂಗಳವಾರ ಎಲ್ಲರೂ ಎದುರಿಗೆ.
ಹೇಳುವುದೆಲ್ಲ ಹೇಳಿಯಾಗಿದೆ.
ಸೀಮೆಸುಣ್ಣ ಹಿಡಿಯದ ಕೈಯನ್ನು ಎಲ್ಲಿಡುವುದು?
"ಏನರ ಕೇಳ್ರಿ" ಅಂದೆ.
ಫ್ಯಾನು ತಿರುಗಿತು. ಯಾರೋ ಕೆಮ್ಮಿದರು.
ಮೂರು ವಾರ ಹೀಗೇ.

ನಾಲ್ಕನೇ ವಾರ, ಕಂಬದ ಹಿಂದಿನಿಂದ:
"ಮೇಡಂ, ಹದಿನೇಳನೇ ನಿಮಿಷಕ್ಕ
ನಿಮ್ಮ ಕುಕ್ಕರ್ ಮೂರು ಸೀಟಿ ಹೊಡೀತು.
ನೀವು ಹೋಗಿ ಗ್ಯಾಸ್ ಆರಿಸಿ ಬಂದ್ರಿ.
ಹೋಗೂಮುಂದ ಹತ್ತರಿಂದ ಭಾಗಿಸಾಕತ್ತಿದ್ರಿ,
ಬಂದಮ್ಯಾಲೆ ಒಂಬತ್ತರಿಂದ.
ನಡುವ ಒಂದು ಎಲ್ಲಿ ಹೋತ್ರಿ?"

ಕೋಣೆಯೆಲ್ಲ ನಕ್ಕಿತು.
ನಾನೂ ನಕ್ಕೆ, ಆಮೇಲೆ ನಿಲ್ಲಿಸಿದೆ.
ವರ್ಷವರ್ಷ ಅದನ್ನು ಬೋರ್ಡಿಗೆ ಬರೆದಿದ್ದೆ,
ಅವರು ಹಾಗೇ ಇಳಿಸಿಕೊಂಡಿದ್ದರು;
ಒಂದು ಕಳೆದದ್ದು
ಯಾರಿಗೂ ಏನೋ ಕಳೆದಂತೆ ಕಂಡಿರಲಿಲ್ಲ.

ಹುಸೇನಬಿ ನದಾಫ, ಮೊರಬ.
ಆ ಪಾಠ ಆರು ಸಲ ನೋಡಿದ್ದಾಳೆ,
ಸಿಗ್ನಲ್ಲು ಇದ್ದಷ್ಟು ದಾರಿ.

ವೇದಿಕೆ ಇಳಿದು ಅವಳ ಬೆಂಚಿಗೆ ಹೋದೆ.
ಅಲ್ಲಿಂದ ಬೋರ್ಡಿನ ಅರ್ಧ ಕಾಣುವುದೇ ಇಲ್ಲ.

"ಹತ್ತು ಸೀಟಿನ ಟಂಟಂ ಅಂತ ತಿಳೀರಿ.
ಒಂಬತ್ತು ಮಂದಿ ಬೇಕಾದಲ್ಲೆ ಕೂತರು.
ಹತ್ತನೇದವರಿಗೆ?"

"ಉಳಿದದ್ದರಿ" ಅಂದಳು.
"ನಮ್ಮ ಬಸ್ಸು ತಡಾ ಬರತೈತಿ.
ನನಗ ಯಾವಾಗಲೂ ಈ ಕಂಬನ."

ಆಮೇಲೆ ಗದ್ದಲ.
ಸರಾಸರಿ ಗೊತ್ತಿದ್ದ ಮೇಲೆ
ಕೊನೆಯ ಅಂಕಿಗೆಲ್ಲಿಯ ಸ್ವಾತಂತ್ರ್ಯ ಎಂದೊಬ್ಬ,
ಅದ್ಹೆಂಗ ಅಂತ ಮೂವರು ಎದ್ದು ನಿಂತರು.
ಪಕ್ಕದ ಕೋಣೆಯ ಇತಿಹಾಸದ ಸರ್
ಬಂದು ಬಾಗಿಲು ತಟ್ಟಿ ಹೋದರು.

ಮತ್ತೆ ಶನಿವಾರ. ಹಿಟ್ಟಿನ ಡಬ್ಬಿ, ಮೊಬೈಲು.
ಬ್ಯಾಳಿ ಬೇಯಲಿಟ್ಟೇ
ಶುರು ಮಾಡಿದೆ.