ಹೆಸರು ಹೇಳು, ಭೀಮಬಾಯಿ

ರಾತ್ರಿ ಎರಡಕ್ಕೆ ಕಲಬುರಗಿಯಿಂದ
ಐಸಿನ ಡಬ್ಬಿಯಲ್ಲಿ ಕೂತು ರಕ್ತ ಬಂತು ಸೇಡಂಗೆ.
ಡ್ರೈವರ್ ಮೈನೋದ್ದೀನ್ ಸಹಿ ಹಾಕಿಸಿಕೊಂಡು
ಚಹಾ ಹುಡುಕಿ ಹೋದ.
ಚೀಟಿಯಲ್ಲಿ: ಭೀಮಬಾಯಿ, ನಲವತ್ತೈದು, ಬಿ ಪಾಸಿಟಿವ್.
ಉಳಿದರ್ಧ ಒದ್ದೆಯಾಗಿ ಮಡಚಿಕೊಂಡಿತ್ತು.

ನಮ್ಮ ಕಡೆ ಭೀಮಾ ಬರೀ ಹೊಳೆಯಲ್ಲ.
ವಾರ್ಡಿನ ಬಾಗಿಲಲ್ಲಿ ನಿಂತು ಒಮ್ಮೆ ಕರೆದರೆ
ಎರಡು ಮಂಚ ಓ ಅನ್ನುತ್ತವೆ,
ಬಾಣಂತಿ ಕೋಣೆಯಿಂದ ಇನ್ನೊಂದು.

ಏಳನೆಯ ಮಂಚಕ್ಕೆ ಹೋದೆ.
"ನೀನು ಭೀಮಬಾಯಿ ಅಲ್ಲೇನು?"
"ಹೌದ್ರೀ."
"ನಲವತ್ತೈದು?"
"ಇದ್ದಿರಬೇಕ್ರೀ."
ಬಿಳಿ ಬಟ್ಟೆಗೆ ನಮ್ಮ ಮಂದಿ ಇಲ್ಲ ಅನ್ನುವುದಿಲ್ಲ.
ನೀನು ಕಲಬುರಗಿ ಕೋಟೆ ಅಲ್ಲೇನು ಅಂದಿದ್ದರೂ
ಹೌದ್ರೀ ಅನ್ನುತ್ತಿದ್ದಳು.
ಆ ಹೌದನ್ನು ನಂಬಿ ಎಷ್ಟು ಸೂಜಿ ಚುಚ್ಚಿದ್ದೇವೆ.

ಒಂಬತ್ತು ವರ್ಷದ ಹಿಂದೆ,
ಊರಿನ ಹೆಸರು ಬೇಡ,
ಒಂದು ಚುಕ್ಕಿ.
ಅರ್ಧ ಎಂದು ಬರೆದದ್ದನ್ನು ಐದು ಎಂದು ಓದಿದೆ.
ಹುಡುಗನಿಗೆ ಆರು ವರ್ಷ, ಕಿವಿಗೆ ಹಿತ್ತಾಳೆ ಕಡಕು.
ಹಣೆಬರಹ ಅಂದರು ಎಲ್ಲರೂ, ಅವನ ಅಜ್ಜಿಯೂ.
ಚುಕ್ಕಿ ಹಣೆಯಲ್ಲಿರಲಿಲ್ಲ, ಹಾಳೆಯಲ್ಲಿತ್ತು.
ಹಾಳೆ ಮರುದಿನ ಫೈಲಿನಲ್ಲಿರಲಿಲ್ಲ.

ಅದಕ್ಕೇ, ಕ್ಲ್ಯಾಂಪಿನ ಮೇಲೆ ಬೆರಳಿಟ್ಟವಳು, ನಿಂತೆ.
"ಗಂಡನ ಹೆಸರು ಹೇಳವ್ವಾ."
ಸೆರಗು ಬಾಯಿಗೆ ಹೋಯಿತು.
ನರ ಸಿಗದೆ ಮೂರು ಸಲ ಚುಚ್ಚಿದಾಗ ಹೂಂ ಅನ್ನದವಳು
ಈಗ ಮಂಚದ ಕಬ್ಬಿಣ ಹಿಡಿದಳು.
"ಹ್ಯಾಂಗ ಹೇಳ್ಲಿರೀ? ನಮ್ಮ ಮನ್ಯಾಗಿನವರು, ಅಷ್ಟೇ."
ಆ ಮನೆಯವನು ಸಿಮೆಂಟ್ ಫ್ಯಾಕ್ಟರಿಯ ರಾತ್ರಿ ಪಾಳಿಯಲ್ಲಿ.
ನನ್ನ ಕೈಯಲ್ಲಿ ಚೀಲ ಬೆವರುತ್ತಿತ್ತು.
ಶಾಹೀನ್ ಗಡಿಯಾರ ನೋಡಿದಳು, ಮತ್ತೆ ನನ್ನನ್ನು.

ಆಗ ಆಯಾ ಕಾಶಮ್ಮ ಬಕೆಟ್ಟು ಕೆಳಗಿಟ್ಟು,
"ಏ ಭೀಮವ್ವಾ, ಲಗ್ನದಾಗ ಹೊಸ್ತಿಲದಾಗ
ನಿಂದ್ರಿಸಿ ಕೇಳಿದ್ದಿಲ್ಲೇನು?
ಒಡಪು ಹಾಕು. ಒಡಪಿನಾಗ ಹೇಳಿದ್ರ
ಹೆಸರು ಹೇಳಿದಂಗಲ್ಲ."

ಬತ್ತಿದ ತುಟಿ ನಕ್ಕಿತು.
ಹಿಮೋಗ್ಲೋಬಿನ್ ನಾಲ್ಕರ ಮುಖಕ್ಕೆ
ಎಲ್ಲಿಂದಲೋ ಕೆಂಪು ಬಂತು:

"ಕಾಗಿಣಾ ದಂಡ್ಯಾಗ ಹಾಸುಗಲ್ಲಿನ ಖಣಿ,
ಚಂದ್ರಾಮಪ್ಪನೋರು ನನ್ನ ಕೊರಳಾಗಿನ ಮಣಿ."

ವಾರ್ಡೆಲ್ಲ ನಗು. ನಾನು ಒದ್ದೆ ಚೀಟಿ ಬಿಡಿಸಿದೆ.
ಭೀಮಬಾಯಿ, ಗಂಡ ಹಣಮಂತ್ರಾಯ.

ಕೈ ಚೀಲಕ್ಕಿಂತ ತಣ್ಣಗಾಯಿತು.
ಏಳರವಳ ಕಾರ್ಡು ತೆಗೆದು ನೋಡಿದೆ: ಓ.
ಒಂದು ಹನಿ ಇಳಿದಿದ್ದರೆ, ಹತ್ತು ಹನಿ,
ಆಮೇಲಿನದನ್ನು ಎಣಿಸಲಿಲ್ಲ.

ಹನ್ನೊಂದನೆಯ ಮಂಚದವಳು ಎದ್ದು ಕೂತಿದ್ದಳು.
ಬರಿಯ ಹಣೆ. ಕೇಳುವ ಮೊದಲೇ ಹೇಳಿದಳು,
ಒಡಪಿಲ್ಲ, ಸೆರಗಿಲ್ಲ:
"ಹಣಮಂತ್ರಾಯ. ಹೋಗಿ ನಾಕು ವರ್ಷಾತು.
ಸತ್ತವರ ಹೆಸರಿಗಿ ಏನ್ ನಾಚಿಕಿ?"
ಅವಳ ಕೈಗೆ ಏರಿಸಿದೆವು.
ಶಾಹೀನ್ ಓದಿದಳು, ನಾನು ನೋಡಿದೆ;
ನಾನು ಓದಿದೆ, ಶಾಹೀನ್ ನೋಡಿದಳು.

ಮುಂಜಾನೆ ದೊಡ್ಡ ಡಾಕ್ಟರು:
"ಏನೂ ಆಗಿಲ್ಲಲ್ಲ ಸಿಸ್ಟರ್, ಯಾಕ್ ಬರೀತೀರಿ?
ಬರೆದ್ರ ಆದಂಗ ಆಗ್ತದ."
ಬರೆದೆ. ಮಂಚ ಏಳು, ಹನ್ನೊಂದು. ವೇಳೆ ಎರಡು ಇಪ್ಪತ್ತು.
ಕಾರಣ ಎಂಬ ಖಾನೆಯಲ್ಲಿ ನನ್ನ ಹೆಸರು ಬರೆಯಹೋಗಿ
ತಡೆದು ಬರೆದೆ: ಕೇಳಿದ ರೀತಿ.
ಅಲ್ಲೇನು ಅಂತ ಕೇಳಬಾರದು, ಯಾರು ಅಂತ ಕೇಳಬೇಕು.
ತಪ್ಪು ತಪ್ಪಿಸಿದವರು: ಆಯಾ ಕಾಶಮ್ಮ.
ಆಕೆಗೆ ಓದಿ ಹೇಳಿದೆ.
"ನನ್ನ ಹೆಸರು ಯಾಕ್ರೀ ಸರಕಾರಿ ಪುಸ್ತಕದಾಗ," ಅಂದು
ಬಕೆಟ್ಟು ಎತ್ತಿಕೊಂಡು ಶಹಾಬಾದ್ ಕಲ್ಲಿನ ನೆಲ ಒರೆಸತೊಡಗಿದಳು,
ನಾನು ನಿಂತ ಜಾಗ ಬಿಟ್ಟು.

ಕೆಳಗೆ ಇನ್ನೊಂದು ಖಾನೆ: ಇಂಥದ್ದು ಮೊದಲು ಆಗಿದೆಯೇ?
ಪೆನ್ನು ಅಲ್ಲೇ ಇದೆ.
ಆ ಹುಡುಗನ ಹೆಸರು ನನಗೆ ಗೊತ್ತು.
ಅದಕ್ಕೆ ಒಡಪು ಸಿಕ್ಕಿಲ್ಲ.