ನೂರಾ ಹದಿನಾಲ್ಕು

ಕೌಲ್ ಬಜಾರಿನ ಹಿಂದಿನ ಗಲ್ಲಿಯಲ್ಲಿ
ಕೆಂಪು ಬಣ್ಣದ ಡಬ್ಬಿ ಹಿಡಿದು
ಬಾಗಿಲಿಗೊಂದು ಸರ್ವೆ ನಂಬರು ಬರೆಯುವುದು ನನ್ನ ದಿನಗೂಲಿ.
ನೂರಾ ಹದಿನಾಲ್ಕರಲ್ಲಿ ಮಾಬುನ್ನಿ
ಜೀನ್ಸಿಗೆ ಜೇಬು ಹೊಲಿಯುತ್ತ, ತಲೆಯೆತ್ತದೆ ಅಂದಳು:
‘ಒಂಚೂರು ದೊಡ್ಡದಾಗಿ ಬರಿಯಪ,
ಜೇಸೀಬಿಯವನಿಗೂ ಕಾಣಲಿ.’

ತಗಡು ಕಾದಿತ್ತು. ಬಣ್ಣ ಹಚ್ಚಿದಲ್ಲೇ ಒಣಗಿತು.

ಆಮೇಲೆ ಮೂರು ಬೇಸಿಗೆ ತಾತ್ಕಾಲಿಕ ಶೆಡ್ಡು.
ಜೇಬಿಗೆ ಎರಡು ರೂಪಾಯಿ;
ವಂತಿಗೆಯ ಒಂದು ಕಂತಿಗೆ ಎಷ್ಟು ಜೇಬೆಂದು
ಅವಳಿಗೆ ಬಾಯಿಪಾಠ.
ಬಿಳಿ ಅಂಗಿಯವನೊಬ್ಬ ಬಂದಿದ್ದನಂತೆ:
ಪಟ್ಟಿಯಲ್ಲಿ ಹೆಸರು ಬಿಟ್ಟುಕೊಡು, ಮೂರು ಲಕ್ಷ ತಗೋ.
ಹಲ್ಲಲ್ಲಿ ಕಡಿದ ದಾರ ಉಗುಳಿ ಕೇಳಿದಳಂತೆ:
‘ಮೂರು ಲಕ್ಷ ಹಾಸ್ಕೊಂಡು ಎಲ್ಲಿ ಮಲಗಲಿ?’

ಚೀಟಿ ಎತ್ತಿದ ದಿನ ಬಂದದ್ದು ಮೂರನೇ ಮಹಡಿ.
ಹೊಲಿಗೆ ಯಂತ್ರ ಹೊತ್ತು ಇಬ್ಬರು ಹುಡುಗರು,
ಮೆಟ್ಟಿಲಿಗೊಮ್ಮೆ ನಿಂತು ಏದುಸಿರು ಬಿಡುತ್ತ.
ಅವರ ಹಿಂದೆ ಅವಳು, ತಲೆಯ ಮೇಲೆ
ಅದೇ ತಗಡಿನ ಬಾಗಿಲು.
‘ಹೊಸ ಮನೆಗೆ ಬಾಗಿಲು ಕೊಟ್ಟಾರಲ್ಲ, ಆಪಾ?’ ಅಂದೆ.

ಮಾತಾಡಲಿಲ್ಲ.
ಬಳ್ಳಾರಿ ಗುಡ್ಡದ ಕಾವು ಬಡಿಯುವ ಕಿಟಕಿಗೆ
ಅಡ್ಡ ಇಟ್ಟಳು.
ನಾನು ಬರೆದ ಒಂದು, ಒಂದು, ನಾಲ್ಕು
ಮೊದಲ ಸಲ
ಮನೆಯ ಒಳಕ್ಕೆ ಮುಖ ಮಾಡಿ ನಿಂತವು.