ತಗ್ಗು

ರಾಮಕೃಷ್ಣನಗರದ ನಮ್ಮ ಅಡ್ಡರಸ್ತೆಗೆ
ಹದಿನಾಲ್ಕು ವರ್ಷದ ಹಿಂದೆ ಕಾಂಕ್ರೀಟು ಹಾಕಿದವನು
ಇದೇ ಸಿದ್ದಪ್ಪಾಜಿ.
"ಒಂದು ಹನಿ ಇಳಿಯಲ್ಲ ನೋಡಿ" ಅಂದಿದ್ದ.
ಇಳಿಯಲಿಲ್ಲ.
ಇಳಿಜಾರು ಹಿಡಿದು ನೆಟ್ಟಗೆ ನನ್ನ ಗಿರಣಿಗೆ ಬಂತು,
ರಾಗಿಹಿಟ್ಟನ್ನು ನೆಲದ ಮೇಲೇ ಅಂಬಲಿ ಮಾಡಿ
ಮೋರಿ ಸೇರಿತು.
ಪ್ರತಿ ವರ್ಷ.

ಈ ಸಲ ಅವನೇ ಉಳಿ ಹಿಡಿದು
ರಸ್ತೆಯಂಚಿನ ಕಲ್ಲಿಗೆ ಬಾಯಿ ಬಿಡಿಸಿದ.
ಪಕ್ಕದಲ್ಲೊಂದು ತಗ್ಗು, ಮೊಣಕಾಲಿನ ಆಳ:
ಮರಳು, ತರಗಿನ ಗೊಬ್ಬರ,
ಲಾವಂಚ, ಬಜೆ, ಅಂಚಿಗೆ ಒಂದೆಲಗ.
"ಸೊಳ್ಳೆ ಸಾಕ್ತೀರೇನು?"
ಎದುರುಮನೆ ಕೆಂಪನಂಜಮ್ಮಣ್ಣಿ ಗೇಟು ಬಡಿದರು.

ನಿನ್ನೆ ಸಂಜೆ
ಚಾಮುಂಡಿಬೆಟ್ಟವೇ ಕಾಣದಷ್ಟು ಮಳೆ.
ಹಾಲಿನ ಕವರು, ಹೊಂಗೆ ಎಲೆ, ಯಾರದೋ ಒಂಟಿ ಚಪ್ಪಲಿ
ಹೊತ್ತು ಬಂದ ಕೆಂಪು ನೀರು
ಹಳೇ ಸಲುಗೆಯಲ್ಲಿ ಗಿರಣಿ ಬಾಗಿಲ ಕಡೆ ನೋಡಿ
ಯಾಕೋ ತಿರುಗಿತು.
ತಗ್ಗಿನಲ್ಲಿ ಕೂತಿತು.
ಬಜೆ ಕತ್ತಿನ ತನಕ ಮುಳುಗಿ ನಿಂತಿತ್ತು.

ನಸುಕಿಗೇ ಟಾರ್ಚು ಹಿಡಿದು ಬಂದ ಅಮ್ಮಣ್ಣಿಗೆ
ಸೊಳ್ಳೆಯಿಲ್ಲ, ನೀರೂ ಇಲ್ಲ.
ಚಪ್ಪಲಿ ಇತ್ತು.
"ಎಲ್ಲೋಯ್ತು?"
ಸಿದ್ದಪ್ಪಾಜಿ ಹೆಬ್ಬೆರಳಿಂದ ನೆಲ ಮುಟ್ಟಿ
"ಒಳಕ್ಕೆ" ಅಂದ,
ಕೆಳಗೆ ಮಲಗಿದವರು ಯಾರೋ ಎದ್ದಾರು ಎಂಬಷ್ಟು
ಮೆಲ್ಲಗೆ.

ನಾನು ಗಿರಣಿ ಇನ್ನೂ ಶುರು ಮಾಡಿರಲಿಲ್ಲ.